ಇಂದು ತೋಟಕ್ಕೆ ನೀರು ಬಿಡಬೇಕೆ? ವಯನಾಡಿನ ಮಳೆಮಾಪಕಗಳು ಕಲಿಸುವ ಲೆಕ್ಕ

ವಯನಾಡು ಮಳೆಯ ನಾಡು ಎಂಬುದು ನಮ್ಮಲ್ಲಿ ರೂಢಿಗೆ ಬಂದ ತಿಳಿವಳಿಕೆ. ತಾಮರಶ್ಶೇರಿ ಘಾಟಿಯನ್ನು ಹತ್ತಿ ಲಕ್ಕಿಡಿಗೆ ಕಾಲಿಟ್ಟವರು ಇದನ್ನು ಅಲ್ಲಗಳೆಯಲಾರರು. ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಲಕ್ಕಿಡಿ, ವೈತ್ತಿರಿ, ಮೇಪ್ಪಾಡಿಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವುದುಂಟು. ಆದರೆ ಅಲ್ಲಿಂದ ಮೂಡಣಕ್ಕೆ ಹೊರಟು, ಅದೇ ಜಿಲ್ಲೆಯ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ ಪಂಚಾಯತುಗಳನ್ನು ತಲಪುವಷ್ಟರಲ್ಲಿ ಮಳೆ ಅದರ ಅರ್ಧಕ್ಕೂ ಕೆಳಗಿಳಿದಿರುತ್ತದೆ. ಎದುರಿಗೆ ಕಬಿನಿ, ಅದರಾಚೆಯ ದಡ ಕರ್ನಾಟಕ. ಹೊಳೆ ಕಣ್ಣೆದುರು ಹರಿಯುತ್ತಿದ್ದರೂ ಮಾರ್ಚ್ ತಿಂಗಳಲ್ಲಿ ಇಲ್ಲಿನ ಬಾವಿಗಳು ತಳ ಕಾಣುತ್ತವೆ. ಕಾಳುಮೆಣಸಿನ ಬಳ್ಳಿಗಳು ಮರದ ಮೇಲೆಯೇ ಒಣಗುತ್ತವೆ.

ಇಂತಹ ಜಿಲ್ಲೆಗೆ ಸರಾಸರಿ ಮಳೆಯ ಒಂದು ಅಂಕಿಯನ್ನು ಹೇಳಿ ಸುಮ್ಮನಾಗುವುದು ಹೇಗೆ ಸರಿಯಾದೀತು? 2023ರ ಮುಂಗಾರಿನಲ್ಲಿ ವಯನಾಡಿಗೆ ವಾಡಿಕೆಯ ಅರ್ಧದಷ್ಟು ಮಳೆಯೂ ಬೀಳಲಿಲ್ಲ. ಅದರ ಮರುವರ್ಷ, 2024ರ ಜುಲೈ 30ರ ನಸುಕಿನಲ್ಲಿ, ಮೇಪ್ಪಾಡಿ ಪಂಚಾಯತಿನ ಮುಂಡಕೈ ಮತ್ತು ಚೂರಲ್‌ಮಲ ಗ್ರಾಮಗಳು ಭೂಕುಸಿತಕ್ಕೆ ಸಿಕ್ಕಿ ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಮಡಿದರು. ಒಂದು ವರ್ಷದ ಅವಧಿಯಲ್ಲಿ ಒಂದೇ ಜಿಲ್ಲೆ ಬರವನ್ನೂ ಪ್ರಳಯವನ್ನೂ ಕಂಡಿತು. ಮಳೆ ಎಲ್ಲಿ ಬಿತ್ತು, ಎಷ್ಟು ಬಿತ್ತು, ಮಣ್ಣು ಅದರಲ್ಲಿ ಎಷ್ಟನ್ನು ಹಿಡಿದಿಟ್ಟುಕೊಂಡಿತು ಎಂಬ ಪ್ರಶ್ನೆಗಳು ಅಲ್ಲಿಯ ಜನರಿಗೆ ಪುಸ್ತಕದ ಪ್ರಶ್ನೆಗಳಾಗಿ ಉಳಿದಿಲ್ಲ.

ಕಲ್ಪೆಟ್ಟದಲ್ಲಿ ಹ್ಯೂಮ್ ಪರಿಸರ ಮತ್ತು ವನ್ಯಜೀವಿಶಾಸ್ತ್ರ ಕೇಂದ್ರ ಎಂಬ ಸಂಸ್ಥೆಯೊಂದುಂಟು. ಭಾರತದ ಪಕ್ಷಿಶಾಸ್ತ್ರಕ್ಕೆ ಅಡಿಗಲ್ಲಿಟ್ಟ, ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದ ಎ. ಓ. ಹ್ಯೂಮ್ ಅವರ ಹೆಸರನ್ನು ಅದು ಹೊತ್ತಿದೆ. ಜಿಲ್ಲೆಯ ಉದ್ದಗಲಕ್ಕೂ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಅಳತೆಯನ್ನು ಈ ಕೇಂದ್ರ ದಿನದಿನವೂ ಕಲೆಹಾಕುತ್ತದೆ. ಇವುಗಳಲ್ಲಿ ಬಹುಪಾಲು ಕೋಟಿ ರೂಪಾಯಿಯ ಯಂತ್ರಗಳಲ್ಲ. ಬೆಳಗ್ಗೆ ಎದ್ದು ಕೊಳವೆಯಲ್ಲಿ ನಿಂತ ನೀರನ್ನು ಕಣ್ಣಿನಿಂದ ನೋಡಿ, ಅಂಕಿಯನ್ನು ಫೋನಿನಲ್ಲಿ ಕಳುಹಿಸುವ ಸ್ವಯಂಸೇವಕರು ಅದರ ಬೆನ್ನೆಲುಬು. 2024ರ ಜುಲೈ ಕೊನೆಯಲ್ಲಿ ಮೇಪ್ಪಾಡಿಯ ಬಳಿಯ ಕಲ್ಲಾಡಿಯ ಮಾಪಕ 48 ಗಂಟೆಗಳಲ್ಲಿ 570 ಮಿ.ಮೀ.ಗೂ ಹೆಚ್ಚು ಮಳೆಯನ್ನು ದಾಖಲಿಸಿತು. ಒಂದು ದಿನದಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ಭಾರೀ ಮಳೆ ಎನ್ನುತ್ತದೆ; 204.4 ದಾಟಿದರೆ ಅತ್ಯಂತ ಭಾರೀ ಮಳೆ.  ಅನಾಹುತಕ್ಕೆ ಮುಂಚಿನ ದಿನವೇ ಈ ಅಂಕಿಗಳನ್ನು ಮುಂದಿಟ್ಟು ಕೇಂದ್ರ ಎಚ್ಚರಿಕೆ ನೀಡಿತ್ತೆಂಬುದು ಆಗ ಪತ್ರಿಕೆಗಳಲ್ಲೆಲ್ಲ ಬಂದ ಸಂಗತಿ. ಆ ಎಚ್ಚರಿಕೆಯ ಫಲಾಫಲವನ್ನು ಇಲ್ಲಿ ವಿಚಾರಿಸಲು ಹೊರಟಿಲ್ಲ. ಜುಲೈಯಲ್ಲಿ ಜೀವ ಉಳಿಸಬಲ್ಲ ಅದೇ ಕೊಳವೆ, ಫೆಬ್ರವರಿಯಲ್ಲಿ ಬೆಳೆ ಉಳಿಸಲು ಹೇಗೆ ನೆರವಾಗುತ್ತದೆ ಎಂಬುದು ಈ ಲೇಖನದ ವಿಷಯ.

ಫೆಬ್ರವರಿ ಎಂದರೆ ವಯನಾಡಿನಲ್ಲಿ ಕಾಫಿಯ ತಿಂಗಳು. ಕೇರಳದ ಕಾಫಿಯಲ್ಲಿ ಹೆಚ್ಚಿನ ಪಾಲು ಇಲ್ಲಿಯದು, ಅದರಲ್ಲಿಯೂ ಬಹುಮಟ್ಟಿಗೆ ರೋಬಸ್ಟಾ. 2019ರಲ್ಲಿ ವಯನಾಡಿನ ರೋಬಸ್ಟಾ ಕಾಫಿಗೆ ಭೌಗೋಳಿಕ ಗುರುತು ದೊರಕಿತು. ಈ ಗಿಡದ ಸ್ವಭಾವ ವಿಚಿತ್ರ. ಚಳಿಗಾಲ ಕಳೆಯುವ ಹೊತ್ತಿಗೆ ರೆಂಬೆಯ ಗೆಣ್ಣುಗಳಲ್ಲಿ ಮೊಗ್ಗು ಕಟ್ಟಿಕೊಂಡು, ನೀರಿಲ್ಲದ ಬಿಗುವಿನಲ್ಲಿ ನಿದ್ರಿಸುತ್ತಿರುತ್ತದೆ. ಆ ಒಣಗಾಲ ಅದಕ್ಕೆ ಬೇಕು. ಬಳಿಕ ಒಂದು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಒಮ್ಮೆಗೇ ಬೆಳ್ಳಗೆ ಅರಳುತ್ತದೆ. ಕೊಡಗು, ಚಿಕ್ಕಮಗಳೂರಿನವರು ಇದನ್ನು ಹೂಮಳೆ ಎನ್ನುತ್ತಾರೆ. ಹದವಾದ ಮಳೆ ಎಂದರೆ ಸುಮಾರು 25ರಿಂದ 40 ಮಿ.ಮೀ. ಐದಾರು ಮಿ.ಮೀ. ಹನಿದು ನಿಂತರೆ ಅದು ಉಪಕಾರಕ್ಕಿಂತ ಅಪಕಾರವೇ ಸರಿ: ಮೊಗ್ಗು ಅರೆ ಎಚ್ಚರಗೊಂಡು, ಪೂರ್ತಿ ಅರಳಲಾರದೆ ಕೆಂಪಡರಿ ಉದುರುತ್ತದೆ. ಹೂ ಬಿಟ್ಟ ಹದಿನೈದು ಇಪ್ಪತ್ತು ದಿನಗಳ ಮೇಲೆ ಇನ್ನೊಂದು ಮಳೆ ಬೇಕು. ಕಚ್ಚಿದ ಕಾಯಿ ನಿಲ್ಲಲು ನೆರವಾಗುವ ಅದನ್ನು ಬೆಳೆಗಾರರು ಬ್ಯಾಕಿಂಗ್ ಮಳೆ ಎನ್ನುವುದು ವಾಡಿಕೆ.

ಆಕಾಶ ಇವೆರಡನ್ನೂ ಹೇಳಿದ ಹೊತ್ತಿಗೆ ಕೊಡುವ ಕಾಲ ಹೋಯಿತು. ಆದುದರಿಂದ ಕೆರೆಯಿದ್ದವರು ಸ್ಪ್ರಿಂಕ್ಲರ್ ಹೂಡಿ ತಾವೇ ಹೂಮಳೆ ಸುರಿಸುತ್ತಾರೆ. ಒಂದು ಎಕರೆಗೆ ಒಂದು ಮಿ.ಮೀ. ಮಳೆ ಎಂದರೆ ನಾಲ್ಕು ಸಾವಿರ ಲೀಟರಿಗೆ ತುಸು ಮೇಲೆ. 38 ಮಿ.ಮೀ., ಅಂದರೆ ಹಳಬರ ಲೆಕ್ಕದಲ್ಲಿ ಒಂದೂವರೆ ಇಂಚು ಕೊಡಬೇಕೆಂದರೆ ಎಕರೆಗೆ ಒಂದೂವರೆ ಲಕ್ಷ ಲೀಟರ್ ನೀರು ಬೇಕಾಯಿತು. ಮುಳ್ಳನ್‌ಕೊಲ್ಲಿಯಂತಹ ಕಡೆ ಫೆಬ್ರವರಿಯ ಕೆರೆಯಲ್ಲಿ ಅಷ್ಟು ನೀರು ತೆಗೆಯುವುದೆಂದರೆ ಬೇಸಿಗೆಯ ಮುಂದಿನ ಮೂರು ತಿಂಗಳನ್ನು ಒತ್ತೆಯಿಟ್ಟಂತೆ. ನಿನ್ನೆ ರಾತ್ರಿ ಗುಡುಗಿದ ಮಳೆ ನಮ್ಮ ತೋಟಕ್ಕೆ 30 ಮಿ.ಮೀ. ಕೊಟ್ಟಿದ್ದರೆ ಪಂಪು ಹೂಡುವುದೇ ಬೇಡ, 8 ಮಿ.ಮೀ. ಮಾತ್ರ ಕೊಟ್ಟಿದ್ದರೆ ಉಳಿದುದನ್ನು ಕೂಡಲೇ ತುಂಬಿಸಬೇಕು, ತಡಮಾಡಿದರೆ ಮೊಗ್ಗು ಹಾಳು. ಈ ಎರಡು ಅಂಕಿಗಳ ನಡುವಿನ ಅಂತರ ಅಂಗಳದಲ್ಲಿ ನಿಂತು ನೋಡಿದವನಿಗೆ ತಿಳಿಯದು. ಬೇಸಿಗೆಯ ಮಳೆ ಗುಡ್ಡದ ಈ ಮಗ್ಗುಲಲ್ಲಿ ಸುರಿದು ಆ ಮಗ್ಗುಲನ್ನು ಒಣಗಿಸಿಡುವ ಮಳೆ. ಪಟ್ಟಣದ ಮಾಪಕದ ಅಂಕಿ ಎರಡು ಮೈಲಿಯಾಚೆಯ ತೋಟಕ್ಕೆ ಸಾಕ್ಷಿಯಾಗಲಾರದು. ತೋಟಕ್ಕೊಂದು ಮಾಪಕ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಾದ ಬೇಕಾಗಿಲ್ಲ. ಜಿಲ್ಲೆಯ ಚುಂಡೇಲಿನಲ್ಲಿ ಕಾಫಿ ಮಂಡಳಿಯ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ. ಹೂಮಳೆಯ ನೀರಾವರಿಯ ಪ್ರಮಾಣ, ಹೊತ್ತುಗಳನ್ನು ಕುರಿತು ಬೆಳೆಗಾರರು ಅಲ್ಲಿ ವಿಚಾರಿಸಿಕೊಳ್ಳಬಹುದು.

ಇನ್ನೊಂದು ಸೂಕ್ಷ್ಮವುಂಟು. ರೋಬಸ್ಟಾ ಗಿಡ ತನ್ನ ಪರಾಗದಿಂದ ತಾನೇ ಕಾಯಿ ಕಚ್ಚುವುದಿಲ್ಲ. ಗಾಳಿಯೋ ಜೇನ್ನೊಣವೋ ಬೇರೊಂದು ಗಿಡದಿಂದ ಪರಾಗವನ್ನು ತರಬೇಕು. ಹೂವರಳಿದ ದಿನವೇ ಮಳೆ ಹೊಡೆದರೆ ಆ ಕೆಲಸ ಕೆಡುತ್ತದೆ. ಎಂದರೆ ಇಂದು ನೀರು ಬಿಡುವವನು ಇಂದಿನ ಮಣ್ಣನ್ನಷ್ಟೇ ನೋಡಿದರೆ ಸಾಲದು, ಒಂಬತ್ತನೆಯ ದಿನದ ಆಕಾಶವನ್ನೂ ಊಹಿಸಬೇಕು. ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ನಂಬಿಕೆಗೆ ಅರ್ಹವಾಗಿರುವುದು ನಾಲ್ಕೈದು ದಿನಗಳ ಮಟ್ಟಿಗೆ. ಉಳಿದದ್ದು ಬೆಳೆಗಾರನ ಧೈರ್ಯ.

ಮಿಲಿಮೀಟರನ್ನು ಲೀಟರಾಗಿ ಮಾರ್ಪಡಿಸುವ ಈ ಲೆಕ್ಕವನ್ನು ನಮ್ಮ ಏಳನೆಯ ತರಗತಿಯ ಮಕ್ಕಳು ಮಾಡಬಲ್ಲರು. ನಮ್ಮ ಕಡೆ ಜಾಗವನ್ನು ಸೆಂಟ್ಸಿನಲ್ಲಿ ಹೇಳುವುದು ರೂಢಿ. ಒಂದು ಸೆಂಟ್ಸ್ ಸುಮಾರು 40 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರು ನಿಂತರೆ ಸರಿಯಾಗಿ ಒಂದು ಲೀಟರ್. ಆದುದರಿಂದ ಸೆಂಟ್ಸಿಗೆ ಒಂದು ಮಿ.ಮೀ. ಎಂದರೆ 40 ಲೀಟರ್, ಮೂರು ಕೊಡಪಾನ ನೀರು. ಶಾಲೆಯ ತರಕಾರಿ ತೋಟ ಎರಡು ಸೆಂಟ್ಸಿನದಾಗಿದ್ದು ರಾತ್ರಿ 10 ಮಿ.ಮೀ. ಮಳೆ ಬಿದ್ದಿದ್ದರೆ, ಆಕಾಶ 800 ಲೀಟರನ್ನು ಪುಕ್ಕಟೆಯಾಗಿ ಕೊಟ್ಟಿತೆಂದು ಅರ್ಥ.

ಕೊಟ್ಟದ್ದೆಲ್ಲ ಉಳಿಯುವುದೆ? ಅದು ಮಣ್ಣಿನ ಮಾತು. ಮಣ್ಣನ್ನು ಹಳೆಯ ಮನೆಗಳ ಪತ್ತಾಯಕ್ಕೆ ಹೋಲಿಸಬಹುದು. ಪತ್ತಾಯ ಹಿಡಿಯುವಷ್ಟು ಭತ್ತವನ್ನು ಮಾತ್ರ ತುಂಬಬಹುದು; ಮೇಲೆ ಸುರಿದದ್ದು ನೆಲದ ಪಾಲು. ಒಂದು ಮೀಟರ್ ಆಳದ ಗೋಡು ಮಣ್ಣು ಗಿಡಕ್ಕೆ ದಕ್ಕುವಂತಹ ನೀರನ್ನು ಸುಮಾರು 150 ಮಿ.ಮೀ.ನಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಮರಳು ಮಣ್ಣಿನಲ್ಲಿ ಅದು ಅರ್ಧಕ್ಕೂ ಇಳಿಯುತ್ತದೆ. ಮುರಕಲ್ಲಿನ ಹರಳು ಬೆರೆತ ನಮ್ಮ ಕಾಸರಗೋಡಿನ ಗುಡ್ಡದ ಮಣ್ಣಿನ ಪತ್ತಾಯವೂ ಚಿಕ್ಕದೇ. ವಯನಾಡಿನ ಕಣಿವೆಗಳ ಗದ್ದೆಯಲ್ಲಿ ಜಿಗುಟು ಮಣ್ಣು. ಅಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ನಾಡಿಗೆ ಹೆಸರು ಬಂದದ್ದೇ ವಯಲುಗಳಿಂದ, ಅಂದರೆ ಗದ್ದೆಗಳಿಂದ ಎಂದು ಹೇಳುವವರಿದ್ದಾರೆ. ಗಂಧಕಶಾಲ, ಜೀರಕಶಾಲ ಎಂಬ ಅಲ್ಲಿಯ ಸುವಾಸನೆಯ ಅಕ್ಕಿ ಬೆಳೆದದ್ದು ಆ ಗದ್ದೆಗಳಲ್ಲಿ. ಗದ್ದೆಯನ್ನು ಏರಿಸಿ ಬಾಳೆಯನ್ನೋ ಮನೆಯನ್ನೋ ನಿಲ್ಲಿಸಿದಲ್ಲೆಲ್ಲ ಒಂದೊಂದು ಪತ್ತಾಯ ಒಡೆದುಹೋಯಿತು ಎನ್ನುವುದು ನನ್ನ ಅಭಿಪ್ರಾಯ; ಒಪ್ಪದವರು ಒಪ್ಪದಿರಲಿ.

ಶಾಲೆಯ ತೋಟದ ಲೆಕ್ಕವನ್ನೇ ಮುಂದುವರಿಸೋಣ. ಬೆಂಡೆ, ಅಲಸಂಡೆಗಳ ಬೇರು ಮುಖ್ಯವಾಗಿ ಮೇಲಿನ 30 ಸೆಂಟಿಮೀಟರಿನಲ್ಲಿದೆ ಎಂದು ಇಟ್ಟುಕೊಂಡರೆ, ಗೋಡು ಮಣ್ಣಿನಲ್ಲಿ ಅವುಗಳ ಪಾಲಿಗೆ ಇರುವುದು 45 ಮಿ.ಮೀ. ನೀರು. ಅರ್ಧ ಮುಗಿದ ಮೇಲೆ ಗಿಡ ಕಷ್ಟಪಡತೊಡಗುತ್ತದೆ. ಆದುದರಿಂದ 22 ಮಿ.ಮೀ. ಕಳೆದಾಗ ನೀರುಣಿಸಬೇಕು. ಮಾರ್ಚಿನ ಬಿಸಿಲಿಗೆ ಮಣ್ಣಿನಿಂದ ಆವಿಯಾಗಿ ಹೋಗುವುದೂ ಎಲೆಗಳು ಬೆವರುವುದೂ ಸೇರಿ ದಿನಕ್ಕೆ 4ರಿಂದ 5 ಮಿ.ಮೀ. ಖರ್ಚು. ಎಂದರೆ ಐದು ದಿನಕ್ಕೊಮ್ಮೆ ಸೆಂಟ್ಸಿಗೆ ಸುಮಾರು 900 ಲೀಟರ್. ದಿನವೂ ಬೆಳಗ್ಗೆ ಎಲೆಗಳ ಮೇಲೆ ನೀರು ಚಿಮುಕಿಸಿ ತೃಪ್ತಿಪಡುವ ನಮ್ಮ ಅಭ್ಯಾಸಕ್ಕಿಂತ ಇದು ಬೇರೆ. ಮೇಲೆ ಮೇಲೆ ಒದ್ದೆಯಾದರೆ ಬೇರೂ ಮೇಲೆಯೇ ಉಳಿಯುತ್ತದೆ, ಎರಡು ದಿನ ರಜೆ ಬಂದರೆ ಗಿಡ ಬಾಡುತ್ತದೆ.

ದಿನದ ಈ ಖರ್ಚನ್ನು ಅಳೆಯುವುದಕ್ಕೂ ದಾರಿಗಳಿವೆ. ಹವಾಮಾನ ಕೇಂದ್ರಗಳ ಅಂಗಳದಲ್ಲಿ ಸುಮಾರು ನಾಲ್ಕಡಿ ಅಗಲದ, ಒಂದು ಗೇಣಿಗಿಂತ ತುಸು ಹೆಚ್ಚು ಆಳದ ಲೋಹದ ತಟ್ಟೆಯೊಂದನ್ನು ನೋಡಿರಬಹುದು. ಅದರಲ್ಲಿ ತುಂಬಿದ ನೀರು ದಿನಕ್ಕೆ ಎಷ್ಟು ಇಳಿಯಿತೆಂದು ನೋಡುತ್ತಾರೆ. ಬೆಳೆಯ ಖರ್ಚು ಅದರ ಒಂದು ಪಾಲು. ಈಗ ತಾಪಮಾನ, ಗಾಳಿ, ತೇವ, ಬಿಸಿಲು ಈ ನಾಲ್ಕನ್ನೂ ಅಳೆದು ಸೂತ್ರದಿಂದ ಲೆಕ್ಕಹಾಕುವ ಸ್ವಯಂಚಾಲಿತ ಕೇಂದ್ರಗಳು ಬಂದಿವೆ. ವಯನಾಡಿನಲ್ಲಿ ಕೇರಳ ಕೃಷಿ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ ಅಂಬಲವಯಲಿನಲ್ಲಿದೆ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಭೂಮಿ ಕೊಟ್ಟು ನೆಲೆಗೊಳಿಸಿದ ಯೋಜನೆಯಲ್ಲಿ ಅದರ ಬೇರಿದೆ. ಬೆಟ್ಟಸೀಮೆಯ ರೈತರಿಗೆ ಹವಾಮಾನವನ್ನು ಅನುಸರಿಸಿದ ಕೃಷಿ ಸಲಹೆ ಅಲ್ಲಿಂದ ಹೊರಡುತ್ತದೆ. ಕಾಸರಗೋಡಿನವರಿಗೆ ಅಂತಹುದೇ ಕೇಂದ್ರ ಪಿಲಿಕೋಡಿನಲ್ಲಿದೆ.

ನೆರೆಯ ಕರ್ನಾಟಕ ಈ ವಿಷಯದಲ್ಲಿ ಮುಂದೆ ಹೋಗಿದೆ ಎಂದರೆ ಪಕ್ಷಪಾತವಲ್ಲ. ಅಲ್ಲಿ 1988ರಲ್ಲಿಯೇ ಬರ ಮೇಲ್ವಿಚಾರಣಾ ಘಟಕ ಹುಟ್ಟಿತು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ಹೊಂದಿದೆ. ವರುಣಮಿತ್ರ ಎಂಬ ಸಹಾಯವಾಣಿಗೆ ಕರೆಮಾಡಿ ರೈತ ತನ್ನ ಹೋಬಳಿಯ ಮುನ್ಸೂಚನೆಯನ್ನು ಕನ್ನಡದಲ್ಲಿ ಕೇಳಬಹುದು. ಶುಂಠಿ, ಬಾಳೆ ಬೆಳೆಯಲು ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗಳಲ್ಲಿ ಜಮೀನು ಗೇಣಿಗೆ ಹಿಡಿಯುವ ವಯನಾಡಿನ ರೈತರು ಎರಡೂ ಕಡೆಯ ವ್ಯವಸ್ಥೆಗಳ ನಡುವೆ ಬಾಳುವವರು. ನಮ್ಮ ಜಿಲ್ಲೆಯ ಸ್ಥಿತಿ ತಿರುಗುಮುರುಗಾದದ್ದು: ಕೇರಳದ ಕೃಷಿ ಹವಾಮಾನ ಸಲಹೆಗಳು ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರುತ್ತವೆ, ಕನ್ನಡ ಮಾತ್ರ ಓದಬಲ್ಲ ಅಜ್ಜನಿಗೆ ಮೊಮ್ಮಗನೇ ದುಭಾಷಿ. 1969ರ ಕೇರಳ ಅಧಿಕೃತ ಭಾಷಾ ಶಾಸನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಕೃಷಿಭವನಕ್ಕೆ ಕನ್ನಡದಲ್ಲಿ ಬರೆದು ಈ ಸಲಹೆಯನ್ನು ಕನ್ನಡದಲ್ಲಿ ಕೇಳಿದವರು ಎಷ್ಟು ಮಂದಿ?

ಇನ್ನು ಮಣ್ಣಿನ ತೇವವನ್ನು ನೇರವಾಗಿ ನೋಡುವ ಬಗೆ. ಮೊದಲನೆಯ ಉಪಕರಣ ಕೈ. ಬೇರಿನ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅದುಮಿದಾಗ ಉಂಡೆ ಕಟ್ಟಿ, ಬೆರಳಿಗೆ ತೇವ ತಾಗಿದರೆ ನೀರು ಬೇಡ. ಉಂಡೆ ಕಟ್ಟಿದರೂ ತುಸು ತಟ್ಟಿದೊಡನೆ ಪುಡಿಯಾದರೆ ಹೊತ್ತು ಸಮೀಪಿಸಿತು. ಕಟ್ಟಲೇ ಇಲ್ಲವಾದರೆ ತಡವಾಯಿತು. ಹಿರಿಯರು ಇದನ್ನು ಬಲ್ಲರು. ಅವರ ತಪ್ಪೇನಾದರೂ ಇದ್ದರೆ ಮೇಲ್ಮಣ್ಣನ್ನು ಮಾತ್ರ ನೋಡುವುದು.

ಎರಡನೆಯದು ಟೆನ್ಸಿಯೋಮೀಟರ್. ಹೆಸರು ದೊಡ್ಡದು, ವಸ್ತು ಸರಳ. ನೀರು ತುಂಬಿದ ಕೊಳವೆಯ ಕೆಳತುದಿಗೆ ಸುಟ್ಟ ಜೇಡಿಯ ಸೂಕ್ಷ್ಮರಂಧ್ರಗಳ ಬಟ್ಟಲು, ಮೇಲ್ತುದಿಗೆ ಒತ್ತಡ ತೋರಿಸುವ ಗಡಿಯಾರ. ಮಣ್ಣು ಒಣಗಿದಂತೆ ಬಟ್ಟಲಿನ ಮೂಲಕ ನೀರನ್ನು ಹೀರುತ್ತದೆ, ಕೊಳವೆಯಲ್ಲಿ ಸೆಳೆತ ಹುಟ್ಟಿ ಮುಳ್ಳು ಏರುತ್ತದೆ. ಹತ್ತು ಸೆಂಟಿಬಾರಿನ ಒಳಗಿದ್ದರೆ ಮಣ್ಣು ಕೆಸರಿನಂತೆ. ಹಗುರ ಮಣ್ಣಾದರೆ ಮೂವತ್ತರ ಆಸುಪಾಸಿನಲ್ಲಿ, ಜಿಗುಟು ಮಣ್ಣಾದರೆ ಐವತ್ತು ಅರವತ್ತರಲ್ಲಿ ನೀರು ಬಿಡಬೇಕು. ಎಂಬತ್ತು ದಾಟಿದರೆ ಕೊಳವೆಯೊಳಗೆ ಗಾಳಿ ಸೇರಿ ಉಪಕರಣ ಸೋಲುತ್ತದೆ. ಗಿಡದ ಬೇರು ನೀರಿಗಾಗಿ ಎಷ್ಟು ಎಳೆಯಬೇಕೋ ಅದನ್ನೇ ಇದು ಹೇಳುವುದರಿಂದ ಇದರ ಮಾತಿಗೆ ತೂಕ ಹೆಚ್ಚು. ಪಂಜಾಬ್ ಕೃಷಿ ವಿಶ್ವವಿದ್ಯಾನಿಲಯ ಗಡಿಯಾರವನ್ನು ತೆಗೆದುಹಾಕಿ, ಕೊಳವೆಗೆ ಹಸಿರು ಮತ್ತು ಹಳದಿ ಪಟ್ಟಿಗಳನ್ನು ಹಚ್ಚಿ, ಭತ್ತದ ರೈತರಿಗೆ ಅಗ್ಗವಾಗಿ ಒದಗಿಸಿತು: ನೀರಿನ ಮಟ್ಟ ಹಸಿರಿನಿಂದ ಹಳದಿಗೆ ಇಳಿದರೆ ಪಂಪು ಹಾಕು, ಇಲ್ಲವಾದರೆ ಬಿಡು. ವಯನಾಡಿಗೆ ಸಮೀಪದ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವರು ಕೈಯಲ್ಲಿ ಹಿಡಿದು ಮಣ್ಣಿಗೆ ಚುಚ್ಚುವ ಸೂಚಕವೊಂದನ್ನು ರೂಪಿಸಿದರು. ನೀಲಿ ದೀಪ ಬೆಳಗಿದರೆ ನೀರು ಧಾರಾಳ, ಹಸಿರಾದರೆ ಸಾಕಷ್ಟು, ಕಿತ್ತಳೆಯಾದರೆ ಕಡಮೆ, ಕೆಂಪಾದರೆ ಕೂಡಲೇ ನೀರು. ಅಕ್ಷರ ಬಾರದವರೂ ಓದಬಲ್ಲ ಉಪಕರಣವಿದು.

ಮೂರನೆಯದಾಗಿ ಫೋನಿಗೆ ಸಂದೇಶ ಕಳುಹಿಸುವ ವಿದ್ಯುನ್ಮಾನ ಸಂವೇದಕಗಳು. ಇವುಗಳ ಮಾರಾಟಗಾರರ ಮಾತು ಈಚೆಗೆ ಜೋರಾಗಿದೆ. ಉಪಕರಣ ಕೆಟ್ಟದ್ದಲ್ಲ, ಆದರೆ ಅದು ಹೂತಿರುವ ಜಾಗದ ಮಣ್ಣನ್ನಷ್ಟೇ ಬಲ್ಲದು. ಕಾಫಿಯ ನೆರಳಿನಡಿಯಲ್ಲಿ ಹೂತದ್ದು ಬಿಸಿಲಿನ ಅಂಚಿನ ಮಾತನ್ನಾಡದು. ಹರಳುಗಲ್ಲಿನ ಮಣ್ಣಿನಲ್ಲಿ ಸಂವೇದಕಕ್ಕೂ ಮಣ್ಣಿಗೂ ನಡುವೆ ಗಾಳಿಯ ಪೊಳ್ಳು ಉಳಿದರೆ ಅಂಕಿಯೇ ಸುಳ್ಳು. ಆಯಾ ಮಣ್ಣಿಗೆ ಹೊಂದಿಸದ ಸಂವೇದಕ ನ್ಯಾಯಾಲಯದಲ್ಲಿ ಬಾಯಿಪಾಠ ಒಪ್ಪಿಸುವ ಸಾಕ್ಷಿಯಂತೆ: ಸ್ಪಷ್ಟವಾಗಿ ಹೇಳುತ್ತದೆ, ನಂಬುವಂತಿಲ್ಲ. ಐದು ಎಕರೆಯೊಳಗಿನ ಕುಟುಂಬಕ್ಕೆ ಮೊದಲು ಮಳೆಮಾಪಕ, ಬಳಿಕ ಎರಡು ಆಳಗಳಲ್ಲಿ ಎರಡು ಟೆನ್ಸಿಯೋಮೀಟರ್, ಇಷ್ಟಾದ ಮೇಲೆ ಹಣ ಉಳಿದರೆ ಉಳಿದದ್ದು ಎಂದು ನಾನು ಹೇಳಿಯೇನು.

ಬೆಳೆಯ ಮಾತಿನ ನಡುವೆ ಹುಲ್ಲಿನ ಮಾತೊಂದು. ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯ ಕೃಷ್ಣಗಿರಿಯಲ್ಲಿ ಕೇರಳ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. 2019ರ ಜನವರಿಯಲ್ಲಿ ಕೇರಳ ತಂಡ ಅಲ್ಲಿ ಗುಜರಾತನ್ನು 113 ಓಟಗಳಿಂದ ಸೋಲಿಸಿ ಮೊದಲ ಬಾರಿಗೆ ರಣಜಿ ಸೆಮಿಫೈನಲ್ ತಲಪಿತು. ಮುಂದಿನ ವಾರ ಅದೇ ಅಂಕಣದಲ್ಲಿ ವಿದರ್ಭದ ಎದುರು 106 ಮತ್ತು 91 ಓಟಗಳಿಗೆ ಕುಸಿದು, ಎರಡೇ ದಿನಗಳಲ್ಲಿ ಇನ್ನಿಂಗ್ಸ್ ಸೋಲುಂಡಿತು. ಉಮೇಶ್ ಯಾದವ್ ಮೊದಲ ಸರದಿಯಲ್ಲಿ ಏಳು ವಿಕೆಟ್ ಕಿತ್ತರು. ಬೆಟ್ಟದ ತಂಪು ಬೆಳಗು, ಅಂಕಣದಲ್ಲಿ ಉಳಿದ ತೇವ, ಹಸಿರು ಹುಲ್ಲು, ಇವು ವೇಗದ ಬೌಲರಿಗೆ ಎಷ್ಟು ಪ್ರಿಯವೆಂಬುದನ್ನು ಕ್ರಿಕೆಟ್ ನೋಡುವ ಮಕ್ಕಳೆಲ್ಲ ಬಲ್ಲರು. ಅಂಕಣ ಸಿದ್ಧಪಡಿಸುವವನ ದುಡಿಮೆಯಲ್ಲಿ ಅರ್ಧಪಾಲು ತೇವದ ಲೆಕ್ಕವೇ: ಎಷ್ಟು ನೀರು, ಎಷ್ಟು ರೋಲರು, ಎಷ್ಟು ಹೊತ್ತು ಹೊದಿಕೆ. ಮೈದಾನದ ಹುಲ್ಲಿಗೆ ಸಂಜೆ ನೀರು ಬಿಟ್ಟರೆ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ಶಿಲೀಂಧ್ರ ರೋಗ ತಗಲುತ್ತದೆ. ಆದುದರಿಂದ ನಸುಕಿನಲ್ಲಿ ಬಿಡುವುದು ಲೇಸು. ಬೆಂಗಳೂರಿನ ಚಿನ್ನಸ್ವಾಮಿ ಮೈದಾನ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, 2017ರ ಹೊತ್ತಿಗೆ ನೆಲದಡಿಯಿಂದಲೇ ನೀರನ್ನು ಹೀರಿ ಹೊರಹಾಕುವ ವ್ಯವಸ್ಥೆಯನ್ನು ಹೂಡಿತು. ಮಳೆನೀರನ್ನು ಹೊರಹಾಕಲು ಅಷ್ಟು ಸನ್ನದ್ಧವಾದ ಅದೇ ಮೈದಾನಕ್ಕೆ, 2024ರ ಬೇಸಿಗೆಯಲ್ಲಿ ನಗರದ ನೀರು ಬತ್ತಿದಾಗ, ಶುದ್ಧೀಕರಿಸಿದ ಕೊಳಚೆನೀರನ್ನು ಒದಗಿಸಬೇಕಾಯಿತು.

ಕಾನೂನಿನವನಾದ್ದರಿಂದ ನೀರಿನ ಮಾತು ಬಂದಲ್ಲಿ ಕಬಿನಿಯ ಹಕ್ಕಿನ ಮಾತನ್ನು ಬಿಡಲಾರೆ. ಪನಮರಂ ಮತ್ತು ಮಾನಂತವಾಡಿ ಹೊಳೆಗಳು ಕೂಡಿ ಕಬಿನಿಯಾಗುತ್ತವೆ. ಕೇರಳದ ಬಹುಪಾಲು ಹೊಳೆಗಳು ಪಡುವಣಕ್ಕೆ ಹರಿದರೆ ಇದು ಮೂಡಣಕ್ಕೆ ತಿರುಗಿ, ಬೀಚನಹಳ್ಳಿಯ ಅಣೆಕಟ್ಟನ್ನು ತುಂಬಿ, ನಂಜನಗೂಡಿನಲ್ಲಿ ಕಪಿಲೆಯೆಂಬ ಹೆಸರು ಹೊತ್ತು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. 1990ರಲ್ಲಿ ನೇಮಕವಾದ ಕಾವೇರಿ ನ್ಯಾಯಾಧಿಕರಣ 2007ರಲ್ಲಿ ಕೇರಳಕ್ಕೆ 30 ಟಿ.ಎಂ.ಸಿ. ಅಡಿ ನೀರನ್ನು ಹಂಚಿತು, ಅದರಲ್ಲಿ 21 ಕಬಿನಿ ಕೊಳ್ಳಕ್ಕೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 14.75 ಟಿ.ಎಂ.ಸಿ. ಹೆಚ್ಚಿಸಿದರೂ ಕೇರಳದ ಪಾಲನ್ನು ಮುಟ್ಟಲಿಲ್ಲ. ದಶಕಗಳ ಆ ವ್ಯಾಜ್ಯದಲ್ಲಿ ಪ್ರತಿಯೊಂದು ರಾಜ್ಯವೂ ತನ್ನ ಕಡತದಲ್ಲಿ ಹೊತ್ತು ತಂದದ್ದು ಹರಿವಿನ ಅಳತೆಗಳನ್ನು. ವಯನಾಡಿನ ಮುತ್ತಂಕರದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೊಂದು ಇಂದಿಗೂ ಕಬಿನಿಯ ಮಟ್ಟವನ್ನು ಬರೆದಿಡುತ್ತಿದೆ. ನಮ್ಮ ಊರುಗಳ ತೋಡು, ಕಟ್ಟಗಳ ದಾವೆಗಳಲ್ಲಿ ಹೀಗಲ್ಲ. ಅಲ್ಲಿ ಮಾತು ಹೆಚ್ಚು, ಅಳತೆ ಕಡಮೆ. ಯಾವ ವರ್ಷ ಯಾವ ತಿಂಗಳಲ್ಲಿ ತೋಡು ಬತ್ತಿತೆಂದು ಕೇಳಿದರೆ ಇಬ್ಬರು ಎರಡು ಹೇಳುತ್ತಾರೆ.

ಇದಕ್ಕಿಂತ ಹತ್ತಿರದ ವಿಷಯ ಬೆಳೆವಿಮೆ. 2016ರಿಂದ ಜಾರಿಯಲ್ಲಿರುವ ಪುನರ್ರಚಿತ ಹವಾಮಾನ ಆಧಾರಿತ ವಿಮೆ ಅಡಿಕೆ, ಕಾಳುಮೆಣಸು, ಬಾಳೆಗಳಂತಹ ಬೆಳೆಗಳಿಗೆ ಅನ್ವಯಿಸುತ್ತದೆ. ಇಲ್ಲಿ ಅಧಿಕಾರಿ ಬಂದು ತೋಟವನ್ನು ನೋಡಿ ನಷ್ಟವನ್ನು ಅಂದಾಜು ಮಾಡುವುದು ಮುಖ್ಯವಲ್ಲ. ಆ ಪ್ರದೇಶಕ್ಕೆ ನಿಗದಿಯಾದ ಹವಾಮಾನ ಕೇಂದ್ರದಲ್ಲಿ ಮಳೆಯೋ ತಾಪಮಾನವೋ ಗೊತ್ತಾದ ಮಿತಿಯನ್ನು ಮೀರಿತೆ ಎಂಬುದೇ ಪರಿಹಾರದ ಆಧಾರ. ಆ ಕೇಂದ್ರ ನಿಮ್ಮ ತೋಟದಿಂದ ಹತ್ತು ಕಿಲೋಮೀಟರ್ ದೂರವಿದ್ದು, ಅಲ್ಲಿ ಮಳೆ ಬಿದ್ದು ನಿಮ್ಮಲ್ಲಿ ಬೀಳದಿದ್ದರೆ, ಒಣಗಿದ ಮರ ನಿಮ್ಮ ಕಣ್ಣೆದುರು ಇದ್ದರೂ ಕಾಗದದಲ್ಲಿ ಬರವಿಲ್ಲ. ಮನೆಯ ಮಳೆಪುಸ್ತಕ ಆ ಕೇಂದ್ರದ ಅಂಕಿಗೆ ಬದಲಿಯಾಗದು. ಪಾಲಿಸಿಯ ಷರತ್ತು ಅದಕ್ಕೆ ಎಡೆಗೊಡುವುದಿಲ್ಲ. ಆದರೆ ಒಂದು ಊರಿನ ಹತ್ತು ಮನೆಗಳಲ್ಲಿ ಮೂರು ವರ್ಷ ಬರೆದಿಟ್ಟ ಅಂಕಿಗಳು ಕೇಂದ್ರದ ಅಂಕಿಯಿಂದ ಸತತವಾಗಿ ದೂರ ನಿಂತಿದ್ದರೆ, ನಮ್ಮ ಪ್ರದೇಶಕ್ಕೆ ಬೇರೆ ಕೇಂದ್ರ ಬೇಕೆಂದು ಕೃಷಿ ಇಲಾಖೆಯ ಮುಂದೆ ಅರ್ಜಿ ಹಾಕಲು ಕೈಯಲ್ಲಿ ಆಧಾರವಿರುತ್ತದೆ. ಪಾಲಿಸಿ ಮಾಡುವ ಮುನ್ನ ತಮ್ಮ ಕೇಂದ್ರ ಯಾವುದು, ಮಿತಿ ಎಷ್ಟು ಎಂದು ಕೇಳಿ ತಿಳಿದುಕೊಳ್ಳುವುದಂತೂ ಪ್ರತಿಯೊಬ್ಬ ಕೃಷಿಕನಿಗೂ ಸಲ್ಲುವ ಹಕ್ಕು.

ನಮ್ಮ ಅಡಿಕೆ ತೋಟಗಳಿಗೆ ವಯನಾಡಿನ ಲೆಕ್ಕವನ್ನು ಹೊಂದಿಸಿ ನೋಡೋಣ. ಅಡಿಕೆ ಮರಕ್ಕೆ ನವೆಂಬರ್, ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ, ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ, ಒಂದೊಂದು ಸಲಕ್ಕೆ 175 ಲೀಟರ್ ನೀರು ಎಂಬುದು ಕೃಷಿ ವಿಜ್ಞಾನಿಗಳ ಹಳೆಯ ಶಿಫಾರಸು. ಒಂಬತ್ತಡಿ ಅಂತರದ ತೋಟದಲ್ಲಿ ಒಂದು ಮರದ ಪಾಲಿಗೆ 7.29 ಚದರ ಮೀಟರ್ ನೆಲ. 175 ಲೀಟರನ್ನು ಅದರಿಂದ ಭಾಗಿಸಿದರೆ 24 ಮಿ.ಮೀ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 4, ಐದು ದಿನಕ್ಕೆ ಹಂಚಿದರೆ 4.8. ಹಿಂದೆ ಕಂಡ ಬಿಸಿಲಿನ ಖರ್ಚು ಇದೇ ಅಲ್ಲವೆ? ಎಂದರೆ ಶಿಫಾರಸಿನ ಪಂಚಾಂಗ ಮಣ್ಣು, ಆಕಾಶಗಳ ಲೆಕ್ಕದಿಂದಲೇ ಹುಟ್ಟಿದ್ದು. ಮಳೆ ಬೀಳದ ಸಾಮಾನ್ಯ ವರ್ಷಕ್ಕೆ ಮಾತ್ರ ಅದು ಸರಿ. ಮಾರ್ಚಿನಲ್ಲಿ ಒಂದು ರಾತ್ರಿ 24 ಮಿ.ಮೀ. ಬಿದ್ದರೆ ಒಂದು ಸರದಿಯನ್ನು ಪೂರ್ತಿ ಬಿಟ್ಟುಬಿಡಬಹುದು. ಎಕರೆಗೆ 97 ಸಾವಿರ ಲೀಟರ್ ನೀರು ಕೆರೆಯಲ್ಲಿಯೋ ಸುರಂಗದ ಬಾಯಲ್ಲಿಯೋ ಉಳಿಯಿತು, ಪಂಪಿನ ಕರೆಂಟು ಉಳಿಯಿತು. 5 ಮಿ.ಮೀ. ಬಿದ್ದರೆ ಸರದಿ ತಪ್ಪಿಸಬಾರದು; ಅದರಲ್ಲಿ ಹೆಚ್ಚಿನದು ಸೋಗೆಯ ಮೇಲೆಯೇ ಆರಿಹೋಗುತ್ತದೆ. ಹನಿ ನೀರಾವರಿಯವರು ದಿನಕ್ಕೆ ಮರಕ್ಕೆ 16ರಿಂದ 20 ಲೀಟರ್ ಕೊಟ್ಟರೆ ಸಾಕಾಗುವುದು ಬೇರಿನ ಸುತ್ತ ಮಾತ್ರ ಒದ್ದೆಯಾಗುವುದರಿಂದ.

ಮಾಪಕವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಯಾವ ಗಾಜಿನ ಡಬ್ಬಿಯೂ ಆದೀತು. ಅಗಲ ಎಷ್ಟೆಂಬುದು ಮುಖ್ಯವಲ್ಲ; ಅಗಲ ಬಾಯಿಗೆ ಹೆಚ್ಚು ಮಳೆ ಬೀಳುತ್ತದೆ, ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ, ಎತ್ತರ ಒಂದೇ. ಇದು ಏಕೆಂದು ಮಕ್ಕಳನ್ನು ಕೇಳಿ, ಉತ್ತರವನ್ನು ಅವರಿಂದಲೇ ಹೊರಡಿಸಿ. ಪ್ಲಾಸ್ಟಿಕ್ ಬಾಟಲಿಯಾದರೆ ತಳದ ಉಬ್ಬುತಗ್ಗು ಮುಚ್ಚುವಷ್ಟು ಬೆಣಚುಕಲ್ಲು, ನೀರು ಹಾಕಿ ಅಲ್ಲಿಗೆ ಸೊನ್ನೆಯ ಗೆರೆ ಎಳೆಯಬೇಕು. ಮರದ ಎತ್ತರದ ಎರಡರಷ್ಟು ದೂರದಲ್ಲಿ, ಬಯಲಿನಲ್ಲಿ, ನೆಟ್ಟಗೆ ನಿಲ್ಲಿಸಬೇಕು. ಹವಾಮಾನ ಇಲಾಖೆಯವರು ಅಳೆಯುವುದು ಬೆಳಗ್ಗೆ 8.30ಕ್ಕೆ, ಶಾಲೆಗೆ ಹೊರಡುವ ಹೊತ್ತು ಅದೇ ಆದುದರಿಂದ ಮಕ್ಕಳಿಗೆ ಅನುಕೂಲ. ಅಳೆದ ನೀರನ್ನು ಚೆಲ್ಲಿ ಮಾಪಕವನ್ನು ಖಾಲಿಮಾಡುವುದನ್ನು ಮರೆಯಬಾರದು. ಮಳೆಯಿಲ್ಲದ ದಿನ ಸೊನ್ನೆ ಎಂದು ಬರೆಯಬೇಕು, ಖಾಲಿ ಬಿಡಬಾರದು; ಖಾಲಿ ಬಿಟ್ಟ ದಿನ ಮಳೆ ಬಂದಿಲ್ಲವೋ ಬರೆಯುವವನು ಮನೆಯಲ್ಲಿರಲಿಲ್ಲವೋ ಎಂದು ಮುಂದೆ ಯಾರೂ ಹೇಳಲಾರರು. ಪುಸ್ತಕದಲ್ಲಿ ನಾಲ್ಕು ಕಲಮುಗಳು ಸಾಕು: ತಾರೀಕು, ಮಳೆ, ಯಾವ ತೋಟಕ್ಕೆ ಎಷ್ಟು ಗಂಟೆ ನೀರು ಬಿಟ್ಟಿತು, ಬಾವಿಯ ನೀರಿನ ಆಳ. ಪತ್ತನಾಜೆಯಿಂದ ಆರಂಭಿಸಿದರೆ ಮುಂಗಾರಿನ ಮೊದಲ ಹನಿಯಿಂದಲೇ ಲೆಕ್ಕ ಸಿಗುತ್ತದೆ.